ಗಾಳಿ ಬಾರದ ಕೋಣೆ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಿಂದ ನನ್ನ ಬಾಡಿಗೆ ಕೋಣೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಏರು ಇದೆ. ಸೈಕಲ್ಲಿನವರು ಅದನ್ನು ಏರು ಎಂದೇ ಎಣಿಸುವುದಿಲ್ಲ. ನಾನು ಮಾತ್ರ ಅದರ ಬುಡದಲ್ಲಿರುವ ಬಳೆ ಅಂಗಡಿಯ ಮುಂದೆ ನಿಂತು, ಬಳೆ ನೋಡುವವಳಂತೆ ನಟಿಸಿ, ಉಸಿರು ಕೂಡಿಸಿಕೊಂಡು ಹತ್ತುತ್ತೇನೆ. ಅಂಗಡಿಯವನಿಗೆ ಇದು ಗೊತ್ತಾಗಿ ವರ್ಷಗಳಾದವು. "ಇವತ್ತೂ ಬಳಿ ಬ್ಯಾಡೇನ್ರಿ ಅಕ್ಕಾರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ಟೂಲನ್ನು ಹೊರಗೆ ಇಡುತ್ತಾನೆ.

ನಾನು ಗುಡ್ಡದಲ್ಲಿ ಹುಟ್ಟಿದವಳು. ತಲೆಯ ಮೇಲೆ ಕೊಡ ಹೊತ್ತು ಓಡುತ್ತ ಗುಡ್ಡ ಏರಿದವಳು. ಏರಿನ ಕೆಳಗೆ ನಿಂತು ಬಳೆ ನೋಡುವವರು ನನ್ನಂತೆ ಇನ್ನೂ ಇರಬಹುದು. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಧೈರ್ಯ ಹೇಳಲು ನನ್ನ ಬಳಿ ಹೆಚ್ಚೇನೂ ಇಲ್ಲ. ಪಕ್ಕದಲ್ಲಿ ನಿಲ್ಲಬಲ್ಲೆ, ಅಷ್ಟೆ.

ಗುಡೇಕೋಟೆಯ ಆಚೆ, ಬಸ್ಸು ಇಳಿದು ಕರಡಿ ಓಡಾಡುವ ಕುರುಚಲು ಗುಡ್ಡಗಳ ನಡುವೆ ಕಾಲುದಾರಿ ಹಿಡಿದರೆ ನಮ್ಮ ಹಟ್ಟಿ. ಅದಕ್ಕೆ ಸರ್ಕಾರದ ಹೆಸರು ಬೇರೆ ಏನೋ ಇದೆ. ಕೆಳಗಿನ ಊರಿನವರೆಲ್ಲ ಜರಡಿಹಟ್ಟಿ ಎನ್ನುತ್ತಾರೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಯಾವುದೋ ಬಿಳಿಯರ ಕಂಪನಿ ಅಲ್ಲಿ ಬಂಗಾರಕ್ಕಾಗಿ ಬಾವಿ ತೋಡಿಸಿತಂತೆ. ಕಂಪನಿ ಹೋಯಿತು, ಬಾವಿ ತೋಡಿದವರು ಉಳಿದರು. ಆ ಹಳೆಯ ಬಾವಿಗಳಿಂದ ಗಂಡಸರು ಬೆಣಚುಕಲ್ಲು ಒಡೆದು ತರುತ್ತಿದ್ದರು. ಒರಳಿನಲ್ಲಿ ಕುಟ್ಟಿ, ಬೀಸುವ ಕಲ್ಲಿನಲ್ಲಿ ಬೀಸಿ, ತೆಳು ಬಟ್ಟೆಯಲ್ಲಿ ಸೋಸುವುದು ಹುಡುಗಿಯರ ಕೆಲಸ. ಆ ಹುಡಿಯನ್ನು ಹಳ್ಳಕ್ಕೆ ಒಯ್ದು ಮರಿಗೆ ಎಂಬ ಮರದ ತಟ್ಟೆಯಲ್ಲಿ ತೊಳೆಯುವುದು ಮದುವೆಯಾದ ಹೆಂಗಸರ ಕೆಲಸ. ಎಲ್ಲ ಕಲ್ಲೂ ನೀರಿನ ಜೊತೆ ಹರಿದುಹೋದ ಮೇಲೆ ಮರಿಗೆಯ ಅಂಚಿನಲ್ಲಿ ಒಂದು ಹಳದಿ ಗೆರೆ ನಿಂತರೆ ಅಂದು ಹಬ್ಬ.

ಗುಡ್ಡದ ಮೇಲೆ ಸದಾ ಗಾಳಿ. ಆಷಾಢದಲ್ಲಂತೂ ಹೆಂಚು ಹಾರುತ್ತದೆ. ಬೀಸಿದ ಹುಡಿಯಲ್ಲಿ ಕಣ್ಣಿಗೆ ಕಾಣದ ಬಂಗಾರ ಇರುವುದರಿಂದ ಒಂದು ಉಸಿರಿನಷ್ಟು ಗಾಳಿ ಬಂದರೂ ಲುಕ್ಸಾನು. ಅದಕ್ಕಾಗಿ ಪ್ರತಿ ಮನೆಯಲ್ಲೂ ಕಿಟಕಿಯಿಲ್ಲದ, ದಪ್ಪ ಗೋಡೆಯ ಒಂದು ಕೋಣೆ. ಬಾಗಿಲಿಗೆ ಗೋಣಿಚೀಲದ ಪರದೆ. ಬೆಳಕಿಗೆ ಒಂದು ಚಿಮಣಿ ಬುಡ್ಡಿ. ಬೀಸುವುದೂ ಅಲ್ಲೇ, ಸೋಸುವುದೂ ಅಲ್ಲೇ. ಅದು ಮನೆಯ ಅತ್ಯಂತ ಬೆಚ್ಚನೆಯ ಜಾಗ. ಆದ್ದರಿಂದ ಬಾಣಂತಿಯರು ಮಲಗುವುದೂ ಅಲ್ಲೇ, ಜ್ವರದವರು ಮಲಗುವುದೂ ಅಲ್ಲೇ. ನಾನು ಹುಟ್ಟಿದ್ದು ಆ ಕೋಣೆಯಲ್ಲಿ. ಅಪ್ಪ ದಮ್ಮು ಹತ್ತಿ ಸತ್ತದ್ದೂ ಅದೇ ಕೋಣೆಯಲ್ಲಿ.

ಇನ್ನೊಂದು ರೂಢಿ ಹೇಳಬೇಕು. ನಮ್ಮಲ್ಲಿ ನೀರನ್ನು ನೋಡದೆ ಚೆಲ್ಲುವುದಿಲ್ಲ. ಕೈ ತೊಳೆದ ನೀರು, ಸೀರೆ ನೆನೆಸಿದ ನೀರು, ತಲೆಗೆ ಹಾಕಿಕೊಂಡ ನೀರು, ಯಾವುದೇ ಇರಲಿ, ಕೊನೆಯ ಬೊಗಸೆಯನ್ನು ತಟ್ಟೆಗೆ ಹಾಕಿ, ವಾರೆ ಹಿಡಿದು, ಒಂದು ಸುತ್ತು ತಿರುಗಿಸಿ ಅಂಚು ನೋಡಿಯೇ ಚೆಲ್ಲುವುದು. ಕೊಟ್ಟೂರಿನ ಹಾಸ್ಟೆಲಿನಲ್ಲಿ ನಾನು ಊಟದ ತಟ್ಟೆ ತೊಳೆದು ಹೀಗೆ ತಿರುಗಿಸುತ್ತಿದ್ದೆ. "ಏನ್ ಹುಡುಕ್ತಿಯಲೇ ರೇಣುಕಾ, ಅನ್ನದಾಗ?" ಎಂದು ಹುಡುಗಿಯರು ನಗುತ್ತಿದ್ದರು. ಬಿಡಬೇಕೆಂದುಕೊಂಡರೂ ಕೈ ತಾನಾಗಿ ತಿರುಗುತ್ತಿತ್ತು.

ಬಿ.ಎ. ಎರಡನೆಯ ವರ್ಷದಲ್ಲಿ ಕಾಲೇಜಿನ ಮೆಟ್ಟಿಲು ನನಗೆ ಭಾರವಾಯಿತು. ಮೊದಲು ಒಣ ಕೆಮ್ಮು. ಆಮೇಲೆ ಪಾಠ ಓದಲು ಎದ್ದು ನಿಂತರೆ ವಾಕ್ಯದ ನಡುವೆ ಉಸಿರು ಮುಗಿಯುತ್ತಿತ್ತು. ಗೆಳತಿಯೊಬ್ಬಳು ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಹೆಸರು, ವಯಸ್ಸು ಬರೆದುಕೊಂಡು, ಕೆಲಸದ ಮುಂದೆ 'ವಿದ್ಯಾರ್ಥಿನಿ' ಎಂದು ಬರೆದರು. ರಜೆ ಬಂದಾಗಲೆಲ್ಲ ಊರಿಗೆ ಹೋಗಿ ಕಲ್ಲು ಬೀಸುವವಳಿಗೆ ಬರೆಯಲು ಆ ಚೀಟಿಯಲ್ಲಿ ಜಾಗ ಇರಲಿಲ್ಲ. ಎಕ್ಸ್‌ರೇ ತೆಗೆದರು. ಎದೆಯ ತುಂಬ ಬಿಳಿ ಚುಕ್ಕೆ. "ಟಿ.ಬಿ. ಐತಿ. ಗುಳಿಗಿ ಕೊಡ್ತೀವಿ, ಕಡಿಮಿ ಆಗ್ತೈತಿ," ಎಂದರು.

ಗುಳಿಗೆ ಕೊಡುವ ಜಾಗದ ಮುಂದೆ ಒಂದು ಬೇವಿನ ಮರ. ಎಲ್ಲರೂ ಅದರ ಕೆಳಗೆ, ಒಬ್ಬರಿಂದೊಬ್ಬರು ದೂರ, ಸೆರಗು ಟವೆಲ್ಲು ಬಾಯಿಗೆ ಹಿಡಿದು ಕೂರುತ್ತಿದ್ದೆವು. ಉಜ್ಜಿನಿಯ ಅಜ್ಜಿಯೊಬ್ಬಳು ಮಾತ್ರ ನನ್ನ ಹತ್ತಿರ ಸರಿದು ಕೂತಳು. "ದೂರ ಯಾಕ ಕುಂದರ್ತಿ ತಂಗಿ? ನಿನಗ ಇರೋದ ನನಗೂ ಐತಿ. ಹೊಸಾದೇನ್ ಹತ್ತತೈತಿ?" ಎಂದು ನಕ್ಕಳು. ಗುಳಿಗೆ ತಿಂದರೆ ಮೂತ್ರ ಕೆಂಪಾಗುತ್ತದೆ, ಹೆದರಬಾರದು ಎಂದು ನನಗೆ ಮೊದಲು ಹೇಳಿದವಳು ಅವಳೇ. ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಕೆಲವು ತಿಂಗಳಲ್ಲಿ ಅವಳ ಮುಖಕ್ಕೆ ಕಳೆ ಬಂತು, ಕೆಮ್ಮು ನಿಂತಿತು. ನನ್ನದು ನಿಲ್ಲಲಿಲ್ಲ. ಕೊನೆಯ ಸಲ ಸಿಕ್ಕಾಗ ತನಗೆ ವಾಸಿಯಾದದ್ದೇ ತಪ್ಪು ಎನ್ನುವಂತೆ ನನ್ನ ಮುಖ ನೋಡಿದಳು.

ಹಾಸ್ಟೆಲಿನಲ್ಲಿ ಇರಗೊಡಲಿಲ್ಲ. ಅವ್ವ ಬಂದು ಕರೆದೊಯ್ದಳು. ಅವ್ವ ಹಟ್ಟಿಯಲ್ಲಿ ಹುಟ್ಟಿದವಳಲ್ಲ, ಇಟ್ಟಿಗಿ ಊರಿನ ಹೊಲದ ಮನೆಯಿಂದ ಮದುವೆಯಾಗಿ ಬಂದವಳು. ಬಂದಾಗಿನಿಂದ ಹಳ್ಳದಲ್ಲಿ ಮರಿಗೆ ತೊಳೆದವಳೇ ಹೊರತು ಕಲ್ಲು ಬೀಸಿದವಳಲ್ಲ. ಆದರೆ ಹಟ್ಟಿಯವರಿಗಿಂತ ಹೆಚ್ಚಾಗಿ ಹಟ್ಟಿಯ ರೂಢಿ ಹಿಡಿದವಳು. ಮನೆ ಮುಟ್ಟಿದ್ದೇ ತಡ, "ಮೈಗೆ ಗಾಳಿ ತಾಗಬಾರ್ದು," ಎಂದು ನನ್ನನ್ನು ಬೀಸುವ ಕೋಣೆಯಲ್ಲಿ ಮಲಗಿಸಿದಳು. ಗುಳಿಗೆ ತರುವ ದಿನ ಮಾತ್ರ ಕೊಟ್ಟೂರಿಗೆ ಕರೆತರುತ್ತಿದ್ದಳು.

ಆ ತಿಂಗಳುಗಳು ನನಗೆ ಈಗಲೂ ಮತ್ತೆ ಮತ್ತೆ ಬರುತ್ತವೆ. ಒಂದು ಮೂಲೆಯಲ್ಲಿ ನನ್ನ ಹಾಸಿಗೆ. ಇನ್ನೊಂದು ಮೂಲೆಯಲ್ಲಿ ತಂಗಿ ಹುಲಿಗೆಮ್ಮ ಬೀಸುವ ಕಲ್ಲಿನ ಮುಂದೆ. ಕಲ್ಲಿನ ಮೇಲೆ ಕಲ್ಲು ತಿರುಗುವ ಸದ್ದು. ಬುಡ್ಡಿಯ ಬೆಳಕಿನ ಸುತ್ತ ಮಂಜಿನಂಥದ್ದು. ಹಾಲು ಕುಡಿಯಲು ಲೋಟ ಎತ್ತಿದರೆ ಕೆನೆಯ ಮೇಲೆ ತೆಳ್ಳಗೆ ಹುಡಿ. ಹುಲಿಗಿ ಮಾತುಗಾತಿ.

"ಬಿ.ಎ. ಅಕ್ಕಾ, ಮಕ್ಕೊಂಡು ಮಕ್ಕೊಂಡು ಏನ್ ಓದಾಕತ್ತೀಯೇ, ಮ್ಯಾಲಿನ ಜಂತಿ?"

"ನಿನ್ನ ಹಾಡು ಬರಕೊಳ್ಳಾಕತ್ತೀನಿ. ನಿಲ್ಲಿಸಬ್ಯಾಡ."

"ನಿಲ್ಲಿಸಿದ್ರ ಅವ್ವ ಬಿಡ್ತಾಳೇನು?" ಎಂದು ಅವಳು ಹಾಡುತ್ತಿದ್ದಳು. ಹಾಡುವಾಗ ಮೂಗಿಗಿಂತ ಬಾಯಿಯಿಂದಲೇ ಹೆಚ್ಚು ಉಸಿರು ಒಳಗೆ ಹೋಗುತ್ತದೆ ಎಂದು ಈಗ ಯೋಚಿಸುತ್ತೇನೆ. ಆಗ ಅವಳ ಹಾಡೊಂದೇ ನನಗೆ ಸುಖ. ಅವಳು ನನಗಾಗಿ ಹಾಡಿದಳು, ನಾನು ಕೇಳುತ್ತ ಮಲಗಿದೆ. ಇಬ್ಬರೂ ಉಸಿರಾಡಿದೆವು.

ನಾನು ಸುಧಾರಿಸಲಿಲ್ಲ. ಗುಳಿಗೆ ಮುಗಿದರೂ ಕೆಮ್ಮು ಮುಗಿಯಲಿಲ್ಲ. ಕಫ ಪರೀಕ್ಷೆ ಮಾಡಿದವರು ಅದರಲ್ಲಿ ಏನೂ ಕಾಣುವುದಿಲ್ಲ ಎಂದು ತಲೆ ಕೆರೆದುಕೊಂಡು ದಾವಣಗೆರೆಗೆ ಕಳಿಸಿದರು.

ದಾವಣಗೆರೆಯ ದೊಡ್ಡಾಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅವ್ವ ಎಕ್ಸ್‌ರೇ ಕವರನ್ನು ಎದೆಗೊತ್ತಿಕೊಂಡು ಕೂತಿದ್ದಳು. ಪಕ್ಕದ ಹರಪನಹಳ್ಳಿಯ ಹೆಂಗಸು ತನ್ನ ಗಂಡನ ಎಕ್ಸ್‌ರೇ ತೆಗೆದು ಟ್ಯೂಬ್‌ಲೈಟಿಗೆ ಹಿಡಿದಳು. ಅವ್ವನೂ ನನ್ನದನ್ನು ಹಿಡಿದಳು. ಇಬ್ಬರೂ ಸೀರೆ ಹೋಲಿಸುವವರಂತೆ ಹೋಲಿಸಿದರು. "ನಿಮ್ಮ ಹುಡುಗೀದು ಭಾಳ ಬೆಳ್ಳಗೈತಲ್ರಿ," ಎಂದು ಅವಳು ಹೇಳಿದಾಗ ಅವ್ವ ಅದನ್ನು ಹೊಗಳಿಕೆ ಎಂದುಕೊಂಡಳೋ ಏನೋ, ತಲೆ ಆಡಿಸಿದಳು. ರೊಟ್ಟಿ ಬುತ್ತಿ ಬಿಚ್ಚಿ ಶೇಂಗಾ ಚಟ್ನಿ ಹಂಚಿಕೊಂಡರು.

ಒಳಗಿನ ಡಾಕ್ಟರು ವಯಸ್ಸಾದವರು. ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲಿಯವರೆಗೆ ಯಾರೂ ಕೇಳದಿದ್ದನ್ನು ಕೇಳಿದರು.

"ಮನೇಲಿ ಏನು ಕೆಲ್ಸ ಮಾಡ್ತೀಯಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. ಕಲ್ಲು, ಬೀಸುವುದು, ಸೋಸುವುದು, ಕೋಣೆ. ಹೇಳುತ್ತ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಹಟ್ಟಿಯಲ್ಲಿ ನನ್ನಷ್ಟು ನುಣ್ಣಗೆ ಬೀಸುವವರು ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇನ್ನು ಆ ಗುಳಿಗೆ ಬ್ಯಾಡ. ಇದು ಟಿ.ಬಿ. ಅಲ್ಲ. ಮುಂದೆ ಅದೂ ಬರಬಹುದು, ಹುಷಾರಾಗಿರಬೇಕು. ಇದು ಕಲ್ಲಿನ ಹುಡಿ. ಎದೆಯಾಗೆ ಕೂತುಬಿಟ್ಟೈತೆ."

ಅವ್ವ ಎದ್ದು ಎಕ್ಸ್‌ರೇಯ ಹತ್ತಿರ ಹೋದಳು. ಮರಿಗೆಯ ಅಂಚನ್ನು ನೋಡುವ ಹಾಗೆ ತಲೆ ವಾರೆ ಮಾಡಿ ನೋಡಿದಳು.

"ಬೆಳ್ಳಗ ಕಾಣೋದು ಎಲ್ಲಾ ಕಲ್ಲೇನ್ರಿ? ಅದರಾಗ ಬಂಗಾರೇನೂ ಇಲ್ಲೇನ್ರಿ?"

ಅಲ್ಲಿದ್ದ ಎಳೆಯ ಡಾಕ್ಟರೊಬ್ಬ ಮುಖ ತಿರುಗಿಸಿ ನಕ್ಕ. ಹಿರಿಯರು ನಗಲಿಲ್ಲ. "ಇಲ್ಲಮ್ಮ. ಬರೀ ಕಲ್ಲು," ಎಂದರು.

"ತೊಳಿಯಾಕ ಬರಂಗಿಲ್ಲೇನ್ರಿ?"

"ಬರಲ್ಲ."

ಸಿಲಿಕೋಸಿಸ್ ಎಂಬ ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟರು. ಇನ್ನು ಆ ಕೋಣೆಗೆ ಕಾಲಿಡಬಾರದು. ಹೋದ ಉಸಿರು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ಅವರು ಇದನ್ನು ಮೆತ್ತಗೆ ಹೇಳಿದರು. ಹೊರಗೆ ಬಂದು ಅವ್ವ ಕಟ್ಟೆಯ ಮೇಲೆ ಕೂತಳು. ಎಕ್ಸ್‌ರೇ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು: "ಹಂಗಾರ ನಿಮ್ಮಪ್ಪಂದೂ ಇದ ಏನು?" ಆಗ ನನ್ನ ತಲೆಯಲ್ಲಿ ಅಪ್ಪ ಇರಲಿಲ್ಲ. ಕೋಣೆಯ ಮೂಲೆಯಲ್ಲಿ ಹಾಡುತ್ತಿದ್ದ ಹುಲಿಗಿ ಇದ್ದಳು.

ನಾನು ಹಟ್ಟಿಗೆ ಮರಳಲಿಲ್ಲ. ಕೊಟ್ಟೂರಿನಲ್ಲಿ ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುವ ಕೆಲಸ ಸಿಕ್ಕಿತು. ಬಾಡಿಗೆಗೆ ಕೇಳಲು ಹೋದ ಮನೆಯ ಒಡತಿ ಶರಣಮ್ಮನವರು ಹಿಂದಿನ ಕೋಣೆ ಕೊಟ್ಟರು. ನನ್ನ ಕೆಮ್ಮು ಕೇಳಿ ಮೊದಲ ದಿನ ಹಿಂದೆಮುಂದೆ ನೋಡಿದವರು, ಮರುದಿನ ಬಂದು, "ಆ ಕೋಣಿ ಬ್ಯಾಡವಾ. ಅದಕ್ಕ ಕಿಟಕಿ ಸಣ್ಣದು. ಮುಂದಿನದ ತಗೋ, ನಾವು ಹಿಂದಕ ಸರೀತೀವಿ," ಎಂದರು. ಎರಡು ಕಿಟಕಿಯ ಕೋಣೆ ಅದು. ನನ್ನ ಬದುಕಿನಲ್ಲಿ ಯಾರೂ ನನಗೆ ಇಷ್ಟು ದೊಡ್ಡದನ್ನು ಕೊಟ್ಟಿಲ್ಲ. ಮೊದಲ ಕೆಲವು ದಿನ ಕಿಟಕಿ ತೆರೆದು ಮಲಗಲು ನನಗೇ ಹೆದರಿಕೆಯಾಗುತ್ತಿತ್ತು. ಏನೋ ಹಾರಿಹೋಗುತ್ತದೆ ಎನ್ನಿಸುತ್ತಿತ್ತು.

ಹುಲಿಗಿಯ ಮದುವೆ ಹಟ್ಟಿಯಲ್ಲೇ ಆಯಿತು. ದಮ್ಮಿನ ಹಟ್ಟಿಯ ಹೆಣ್ಣೆಂದು ಕೆಳಗಿನ ಊರುಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ಗಂಡ ನಿಂಗಪ್ಪ ಒಳ್ಳೆಯವನು, ಬಾವಿಗೆ ಇಳಿಯುವವನು. ಅವಳು ಬಸುರಿ ಎಂದು ಗೊತ್ತಾದ ದಿನದಿಂದ ನನಗೆ ಒಂದೇ ಯೋಚನೆ: ಬಾಣಂತನ. ತವರುಮನೆ ಎಂದರೆ ಅದೇ ಮನೆ, ಅದೇ ಕೋಣೆ. ಹುಟ್ಟಿದ ಕೂಸು ಕಣ್ಣು ತೆರೆಯುವುದಕ್ಕೆ ಮೊದಲೇ ಆ ಹುಡಿಯನ್ನು ಎಳೆದುಕೊಳ್ಳುತ್ತದೆ.

ಅವ್ವ ಸಂತೆಗೆ ಬಂದಾಗ ಹೇಳಿದೆ.

"ಬಾಣಂತನ ಇಲ್ಲೇ ಮಾಡೋಣವಾ. ಆ ಕೋಣಿ ಬ್ಯಾಡ."

"ಬೀಸೋದು ನಿಲ್ಲಿಸ್ತೀನಿ. ಆತಿಲ್ಲೋ?"

"ಗ್ವಾಡಿಯಾಗ ಐತಿ ಹುಡಿ. ನೆಲಾ ಸಾರಿಸೋದು ಅದರಾಗ. ಎಲ್ಲೆಲ್ಲಂತ ನಿಲ್ಲಸ್ತಿ?"

"ಇಲ್ಲಿ ಬರೇ ಕಿಟಕಿ. ಬಾಣಂತಿಗೆ ಗಾಳಿ ಹೊಕ್ಕರ ಸನ್ನಿ ಹತ್ತತೈತಿ. ಗಾಳಿಗೆ ಬಾಣಂತಿ ಸತ್ತಿದ್ದು ನಾ ಕಣ್ಣಾರೆ ನೋಡೀನಿ. ಹುಡಿಗೆ ಕೂಸು ಸತ್ತಿದ್ದು ಯಾರು ನೋಡ್ಯಾರ?"

"ಕೂಸು ಸಾಯಂಗಿಲ್ಲವಾ. ದೊಡ್ಡದಾಗಿ ಸಾಯ್ತೈತಿ."

ಇಷ್ಟು ಮಾತಿಗೆ ನನಗೆ ಕೆಮ್ಮು ಒತ್ತರಿಸಿಕೊಂಡು ಬಂತು. ನಿಲ್ಲಲೇ ಇಲ್ಲ. ಅವ್ವ ನನ್ನ ಬೆನ್ನು ನೀವುತ್ತ ಕೂತಳು. ಕೆಮ್ಮು ನಿಂತ ಮೇಲೆ ಸಂತೆಯ ಚೀಲ ಎತ್ತಿಕೊಂಡು ಹೋದಳು. ಎಂಟನೆಯ ತಿಂಗಳಿಗೆ ಹುಲಿಗಿಯನ್ನು ಕರೆದುಕೊಂಡು ಬಂದಳು. ನನ್ನ ಮಾತು ಗೆಲ್ಲಲಿಲ್ಲ, ಕೆಮ್ಮು ಗೆದ್ದಿತು.

ಹೆಣ್ಣು ಕೂಸು ಹುಟ್ಟಿತು. ಕೊಟ್ಟೂರಿನಲ್ಲಿ ಹುಟ್ಟಿದ್ದಕ್ಕೆ ಕೊಟ್ರಮ್ಮ ಎಂದೇ ಹೆಸರಿಟ್ಟೆವು. ನನ್ನ ಎರಡು ಕಿಟಕಿಗಳಿಗೂ ಅವ್ವ ಹಳೆಯ ಸೀರೆ ತುರುಕಿದಳು. ಲೋಬಾನದ ಹೊಗೆ ಹಾಕಿದಳು. ನಾನು ಹೊರಗಿನ ಕಟ್ಟೆಯ ಮೇಲೆ ಮಲಗಿದೆ. ಶರಣಮ್ಮನವರು ಒಂದು ದಿನ ಬಂದು, "ಏನವಾ, ಕೂಸಿಗೆ ಹೊಗಿ ಹಾಕಿ ಒಣಗಸ್ತೀಯೇನು, ಮೆಣಸಿನಕಾಯೇನ ಅದು?" ಎಂದು ಗದರಿ ಒಂದು ಕಿಟಕಿಯ ಸೀರೆ ಕಿತ್ತರು. ಅವ್ವ ಮತ್ತೆ ತುರುಕಿದಳು. ಅವರು ಮತ್ತೆ ಕಿತ್ತರು. ಕೊನೆಗೆ ಹಗಲು ತೆರೆಯುವುದು, ಕತ್ತಲಾದರೆ ಮುಚ್ಚುವುದು ಎಂದು ರಾಜಿಯಾಯಿತು. ಕೂಸು ತೆರೆದ ಕಿಟಕಿಯ ಬಿಸಿಲಿನಲ್ಲಿ ಕೈ ಆಡಿಸುತ್ತ ಮಲಗಿರುತ್ತಿತ್ತು. ಅದರ ಉಸಿರಿಗೆ ಸದ್ದೇ ಇರಲಿಲ್ಲ. ನಾನು ಬಗ್ಗಿ ಅದರ ಎದೆಗೆ ಕಿವಿ ಇಟ್ಟು ಆ ಸದ್ದಿಲ್ಲದ್ದನ್ನು ಕೇಳುತ್ತಿದ್ದೆ.

ಹುಲಿಗಿಯನ್ನು ಅಲ್ಲೇ ಉಳಿಸಿಕೊಳ್ಳಬೇಕೆಂದು ನಾನು ಮಾಡದ ಪ್ರಯತ್ನ ಇಲ್ಲ. ನಿಂಗಪ್ಪನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಕೆಲಸ ಕೊಡಿಸಿದೆ. ಸಂಜೆ ಬಂದವನು ಕಟ್ಟೆಯ ಮೇಲೆ ಗೋಡೆಗೆ ಒರಗಿ ಬಹಳ ಹೊತ್ತು ಕೂರುತ್ತಿದ್ದ. ದಣಿವು ಎಂದುಕೊಂಡೆ. ಒಂದು ದಿನ ಏರಿನ ಕೆಳಗೆ ನಾನು ಬಳೆ ಅಂಗಡಿಯ ಮುಂದೆ ನಿಂತಿದ್ದಾಗ ಅವನೂ ಬಂದ. ಬಂದವನು ಮೊಣಕಾಲಿನ ಮೇಲೆ ಕೈ ಊರಿ, ಬಗ್ಗಿ ನಿಂತ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ ಒಳಗಿನಿಂದ ಇನ್ನೊಂದು ಸ್ಟೂಲು ತಂದ.

"ಯಾವಾಗಿಂದ ನಿಂಗಪ್ಪಾ?" ಎಂದು ಕೇಳಿದೆ.

"ಭಾಳ ದಿನ ಆತ್ರಿ ಅಕ್ಕಾರ. ಹುಲಿಗಿಗೆ ಹೇಳಬ್ಯಾಡ್ರಿ."

"ಇಲ್ಲೇ ಬ್ಯಾರೆ ಕೆಲಸ ನೋಡೋಣು."

"ಮೂಟಿ ಹೊರಾಕ ದಮ್ಮಿಲ್ಲ. ಬಾವ್ಯಾಗ ಇಳಿಯಾಕೂ ಆಗವಲ್ದು. ಓದಿಲ್ಲ, ಬರದಿಲ್ಲ, ಬೂತಿನಾಗ ನನ್ನ ಯಾರು ಕುಂದರಸ್ತಾರ? ಕುಂತು ಮಾಡೋ ಕೆಲಸ ಅಂದ್ರ ನನಗ ಗೊತ್ತಿರೋದು ಒಂದ. ಕೋಣ್ಯಾಗ ಬೀಸೋದು."

ನಮ್ಮ ಹಟ್ಟಿಯಲ್ಲಿ ಉಸಿರು ಹೋದವರು ಬಾವಿ ಬಿಟ್ಟು ಕೋಣೆಗೆ ಬರುತ್ತಾರೆ. ಕೂತು ಮಾಡುವ ಹಗುರ ಕೆಲಸ ಎಂದು. ಇನ್ನುಳಿದ ಉಸಿರನ್ನು ಕೋಣೆ ತೆಗೆದುಕೊಳ್ಳುತ್ತದೆ.

ಅವರು ಹೊರಟ ದಿನ ಹುಲಿಗಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಗಂಟು ಕಟ್ಟಿದಳು. ನಾನು ಕೇಳಿದೆ, "ಕೂಸನ್ನರ ಬಿಟ್ಟು ಹೋಗು."

"ಮೊಲಿ ನೀನು ಕೊಡ್ತೀಯೇನಕ್ಕ?" ಎಂದು ನಕ್ಕಳು. ಆಮೇಲೆ ನಗು ಬಿಟ್ಟು, "ಕೋಣ್ಯಾಗ ಹಾಕಂಗಿಲ್ಲ. ಪಡಸಾಲ್ಯಾಗ ತೊಟ್ಟಿಲಾ ಕಟ್ತೀನಿ. ನಿನ್ನಾಣಿ," ಎಂದಳು. ಬಸ್ಸಿನವರೆಗೆ ಹೋಗಿ ಕಳಿಸಿದೆ. ಗುಡೇಕೋಟೆಯಿಂದ ಮುಂದಿನ ಏರನ್ನು ನಾನು ಇನ್ನು ಹತ್ತಲಾರೆ. ತೊಟ್ಟಿಲು ಎಲ್ಲಿ ಕಟ್ಟಿದ್ದಾರೆಂದು ಹೋಗಿ ನೋಡಲಾರೆ.

ಆಷಾಢ ಕಳೆದ ಮೇಲೆ ಚುಚ್ಚುಮದ್ದು ಹಾಕಿಸಲು ಹುಲಿಗಿ ಕೂಸನ್ನು ಎತ್ತಿಕೊಂಡು ಬಂದಳು. ಏರು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಗುತ್ತ ನಿಂತಳು. ಆ ನಗು ನನಗೆ ಗೊತ್ತು. ಬಳೆ ಅಂಗಡಿಯ ಮುಂದೆ ನಾನೂ ಹಾಗೇ ನಗುತ್ತೇನೆ.

ಕೊಟ್ರಮ್ಮ ದುಂಡಗಾಗಿದ್ದಳು. ನನ್ನನ್ನು ನೋಡಿ ಕೈ ಚಾಚಿದಳು. ಎತ್ತಿಕೊಂಡು ಕಿಟಕಿಯ ಬಳಿ ತಂದೆ. ಬೆಳಕಿಗೆ ಅವಳ ರೆಪ್ಪೆಗಳ ಮೇಲೆ, ಕಿವಿಯ ಮಡಿಕೆಯಲ್ಲಿ, ಮೂಗಿನ ಹೊಳ್ಳೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಹುಡಿ ಕಂಡಿತು.

"ಆಣಿ ಮಾಡಿದ್ದಿ," ಎಂದೆ.

"ಪಡಸಾಲ್ಯಾಗ ಗಾಳಿಗೆ ತೊಟ್ಟಿಲಾ ನಿಲ್ಲವಲ್ದಕ್ಕ. ಕೂಸಿಗೆ ನೆಗಡಿ ಆತು. ಅವ್ವ ಅಂದ್ಲು, ನಾಕು ದಿನ ಒಳಗ ಬೆಚ್ಚಗಿರಲಿ ಅಂತ." ಕೂಸಿನ ಕಾಲು ಸವರುತ್ತ, "ಅವರಪ್ಪ ಬೀಸ್ತಾನ. ಕಲ್ಲಿನ ಸದ್ದಿಗೆ ಚಲೋ ನಿದ್ದಿ ಮಾಡ್ತಾಳ," ಎಂದಳು.

ಬೈಯುವಷ್ಟು ಉಸಿರು ನನ್ನಲ್ಲಿ ಇರಲಿಲ್ಲ. ಶರಣಮ್ಮನವರು ಬಿಸಿನೀರು ತಂದುಕೊಟ್ಟರು. ಹುಲಿಗಿ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು ಎರೆದಳು. ನಾನು ಒದ್ದೆ ಬಟ್ಟೆಯಿಂದ ಕಿವಿ, ಮೂಗು, ಕತ್ತಿನ ಮಡಿಕೆ ಒರೆಸಿದೆ. ತೊಳೆಯಬಹುದಾದ ಕಡೆಯಲ್ಲೆಲ್ಲ ತೊಳೆದೆವು. ಕೊಟ್ರಮ್ಮ ಕೇಕೆ ಹಾಕಿದಳು.

ಕೂಸನ್ನು ನನ್ನ ಕೈಗೆ ಕೊಟ್ಟು ಹುಲಿಗಿ ಎದ್ದಳು. ಬೋಗುಣಿಯ ತಳದಲ್ಲಿ ಉಳಿದ ನೀರನ್ನು ತಟ್ಟೆಗೆ ಬಗ್ಗಿಸಿಕೊಂಡಳು. ವಾರೆ ಹಿಡಿದು ಒಂದು ಸುತ್ತು ತಿರುಗಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು, ತಲೆ ಸ್ವಲ್ಪ ವಾರೆ ಮಾಡಿ, ಅಂಚನ್ನು ನೋಡಿದಳು. ನಾನೂ ನೋಡಿದೆ.

"ಬಂಗಾರಿಲ್ಲಕ್ಕ," ಎಂದಳು. "ಬರೇ ಕಲ್ಲು."

ಹೊರಗೆ ಹೋಗಿ ಅಂಗಳದ ಚಪ್ಪಡಿಯ ಮೇಲೆ ಚೆಲ್ಲಿದಳು. ಬಿಸಿಲಿಗೆ ನೀರು ಬೇಗ ಆರಿತು. ಆರಿದ ಜಾಗ ಬೆಳ್ಳಗೆ ಉಳಿಯಿತು.